ಸಾಹುಕಾರರ ಕೋವಿಗೆ ಗುಂಡು ಹುಡುಕಿದ್ದು

ಮುಂಬೈನಲ್ಲಿದ್ದೇವೆ ಅಂದಮೇಲೆ ಊರಿನವರು ನಮ್ಮಿಂದ ಏನೇನೆಲ್ಲಾ ತರಿಸಿಕೊಳ್ಳುತ್ತಾರೆ ಅನ್ನೋದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವ ವಿಷಯವೇ. ನಾನು 1971 ರಲ್ಲಿ ಕೇಂದ್ರ ಸರ್ಕಾರದ ನೌಕರಿಗೆ ಅಂತ ಇಲ್ಲಿಗೆ ಬಂದವನು. 'ಆಂಟಾಪ್ ಹಿಲ್' ನ ಸಿ.ಜಿ.ಎಸ್. ಕಾಲೋನಿ ಕ್ವಾರ್ಟರ್ಸ್ ನಲ್ಲಿ ಇದ್ದು, ನಿವೃತ್ತಿಯಾದಮೇಲೂ ಇದೇ ಗುಡ್ಡದ ಬುಡದಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಿದ್ದೇನೆ. ಇಷ್ಟು ವರ್ಷಗಳಲ್ಲಿ ಊರಿಗೆ ಟೂ-ಇನ್-ಒನ್ ಹೊತ್ತಿದ್ದೇನೆ, ನೈಲೆಕ್ಸ್ ಸೀರೆ ಹೊತ್ತಿದ್ದೇನೆ, ಯಾರದೋ ಮೊಣಕಾಲಿನ ಪಟ್ಟಿ, ಇನ್ಯಾರದೋ ಹೊಲಿಗೆ ಮೆಷೀನಿನ ಬಾಬಿನ್ ಕೂಡ. 'ಬೊಂಬಾಯಿಯಲ್ಲಿ ಸಿಗದೇ ಇರೋದು ಏನಿದೆ?' ಅನ್ನುವ ನಂಬಿಕೆ ನಮ್ಮ ಜನಕ್ಕೆ. ಆದರೆ 1988 ರಲ್ಲಿ ಬಂದ ಒಂದು ಪತ್ರ ಮಾತ್ರ ನನ್ನನ್ನು ತಬ್ಬಿಬ್ಬು ಮಾಡಿತು. ಅದರಲ್ಲಿ ಕೇಳಿದ್ದು ಕೋವಿಯ ತೋಟೆ!

'ತೋಟೆ' ಅಂದರೆ ಏನು ಅಂತ ಬಯಲುಸೀಮೆಯವರು ಕೇಳಬಹುದು. ಕಾರ್ಟ್ರಿಡ್ಜ್. ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಮೂತಿಯಲ್ಲಿ ಗುಂಡು, ಎಲ್ಲಾ ಸೇರಿ ಒಂದು ತೋಟೆ. ಗುಂಡು ಅನ್ನೋದು ಅದರ ತುದಿಯಲ್ಲಿದ್ದು ಹಾರಿ ಹೋಗುವ ಭಾಗ ಅಷ್ಟೇ. ನಾವು ಮಾತಿನಲ್ಲಿ ಎರಡನ್ನೂ ಗುಂಡು ಅಂದುಬಿಡುತ್ತೇವೆ. ಈ ಕಥೆಯಲ್ಲಿ ಮಾತ್ರ ಅವೆರಡನ್ನೂ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ತಂದೆ ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ನಾನು ಹುಟ್ಟಿ ಬೆಳೆದದ್ದು ಆ ಲೈನ್ ಮನೆಗಳ ಪಕ್ಕದಲ್ಲೇ. ತೋಟದ ಸಾಹುಕಾರರು ಕೊಡವರು, ಗತ್ತಿನ ಮನುಷ್ಯ, ಆದರೆ ಮಕ್ಕಳಿಗೆ ಬಹಳ ಸಲಿಗೆ. ಪತ್ರ ಬರೆದವರು ಅವರೇ. ಅವರ ಐನ್‌ಮನೆಯಲ್ಲಿ ಅವರ ತಂದೆಯವರು ಇಂಗ್ಲೆಂಡಿನಿಂದ ತರಿಸಿದ ಒಂದು ಜೋಡುನಳಿಗೆ ರೈಫಲ್ ಇತ್ತು. ಸೆಪ್ಟೆಂಬರ್ 3 ರ ಸುಮಾರಿಗೆ, ನಾಟಿ ಕೆಲಸವೆಲ್ಲಾ ಮುಗಿದು 'ಕೈಲ್ ಪೊಳ್ದ್' ಹಬ್ಬ ಬಂದಾಗ, ಒಡಿಕತ್ತಿ ಪೀಚೆಕತ್ತಿಗಳ ಜೊತೆ ಅದನ್ನೂ ಇಟ್ಟು, ಬೆಂಕಿಯ ನಾಲಿಗೆಯಂಥಾ 'ತೋಕ್ ಪೂ' ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ಮಕ್ಕಳಿಗೆಲ್ಲ ಅದನ್ನು ಒಮ್ಮೆ ಎತ್ತಿ ನೋಡುವ ಆಸೆ. ಎತ್ತಲಿಕ್ಕೆ ಆಗುತ್ತಿರಲಿಲ್ಲ ಅನ್ನೋದು ಬೇರೆ ಮಾತು. ಅದರ ತೋಟೆ ನಾಲ್ಕು ಇಂಚಿಗೂ ಉದ್ದ, ನಮ್ಮ ಕೈಗೆ ಅದೇ ಒಂದು ಆಟದ ಸಾಮಾನಿನಷ್ಟು ದೊಡ್ಡದು.

ಪತ್ರದ ಸಾರಾಂಶ ಇಷ್ಟು. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು. ಸಾಹುಕಾರರಿಗೆ ಆಗ ಎಪ್ಪತ್ತು ದಾಟಿತ್ತು. 'ನನ್ನ ಕಾಲಕ್ಕೆ ಆ ಎರಡು ಗುಂಡು ಅಪ್ಪನ ಕೋವಿಯಿಂದಲೇ ಹಾರಬೇಕು' ಅಂತ ಅವರ ಆಸೆ. ಉಳಿದಿರುವ ತೋಟೆಯೂ ಸರಿಯಾಗಿ ಎರಡೇ. ಆದರೆ ಬಹಳ ಹಳೆಯವು, ನಂಬುವಹಾಗಿಲ್ಲ. 'ಒಂದು ಹಾರಿ ಇನ್ನೊಂದು ಠುಸ್ ಅಂದರೆ ಊರಿನವರು ನಮ್ಮ ಮನೆಯಲ್ಲಿ ಗಂಡುಮಗು ಹುಟ್ಟಿತು ಅಂದುಕೊಂಡಾರು' ಅಂತ ಬರೆದಿದ್ದರು! ಒಂದು ಪೆಟ್ಟಿಗೆ, ಅಂದರೆ ಐದು ತೋಟೆ, ಎಲ್ಲಾದರೂ ಸಿಗುತ್ತಾ ನೋಡು ಅಂತ.

ತೋಟೆಯನ್ನೇ ಪಾರ್ಸೆಲ್ ಮಾಡುವ ಹಾಗಿಲ್ಲ. ಲೈಸೆನ್ಸ್ ಇಲ್ಲದ ನಾನು ಒಂದು ಜೀವಂತ ತೋಟೆ ಜೇಬಿನಲ್ಲಿಟ್ಟುಕೊಂಡರೂ 1959 ರ ಆಯುಧ ಕಾಯಿದೆಯಲ್ಲಿ ಅದು ಅಪರಾಧ. ಅದಕ್ಕೇ ಅವರು ಒಂದು ಉಪಾಯ ಮಾಡಿದ್ದರು. ನಾವು ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲಾ, ಹಾಗೆ ತೋಟೆಯ ಬುಡದ ಅಚ್ಚು ತೆಗೆದು ಕಳಿಸಿದ್ದರು. 'ಕೈನಾಕ್' ಅಂತ ಕಂಪನಿಯ ಹೆಸರು. ಕೆಳಗೆ '.475 ನಂಬರ್ 2'.

ನಮ್ಮ ಸೆಕ್ಟರ್ ನಲ್ಲೇ ಒಬ್ಬ ಮರಾಠಿ ಗೆಳೆಯರಿದ್ದರು. ಅವರ ಭಾವ ಪುಣೆಯ ಹತ್ತಿರದ ಖಡಕಿಯ 'ಅಮ್ಯುನಿಷನ್ ಫ್ಯಾಕ್ಟರಿ' ಯಲ್ಲಿ ಫೋರ್ಮನ್ ಆಗಿ ನಿವೃತ್ತರಾದವರು. 1869 ರಲ್ಲಿ ಶುರುವಾದ ಕಾರ್ಖಾನೆ ಅದು. ಗಣಪತಿ ಹಬ್ಬಕ್ಕೆ ಅವರು ಬಂದಾಗ ಆ ಕಾಗದ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿ 'ಅರೆ ಬಾಬಾ!' ಅಂತ ನಕ್ಕರು. ಕಾರ್ಖಾನೆ ಅಂದರೆ ಲಕ್ಷಗಟ್ಟಲೆ ಒಂದೇ ಅಳತೆಯದ್ದು ಮಾಡುವ ಜಾಗ. ಒಂದು ಅಳತೆಗೆ ಬೇಕಾದ ಅಚ್ಚು, ಗೇಜು, ಪರೀಕ್ಷೆಯ ನಳಿಗೆ ಎಲ್ಲಾ ಹೊಂದಿಸುವ ಖರ್ಚಿನಲ್ಲಿ ನಿಮ್ಮ ಸಾಹುಕಾರರ ತೋಟವನ್ನೇ ಕೊಳ್ಳಬಹುದು ಅಂದರು. ನಮ್ಮ ದೇಶದ ಕಾರ್ಖಾನೆಗಳು ಸಾರ್ವಜನಿಕರಿಗೆ ಅಂತ ಮುಖ್ಯವಾಗಿ ಮಾಡುತ್ತಿದ್ದದ್ದು 12 ಬೋರ್ ಮತ್ತು .315 ರೈಫಲ್ಲಿನ ತೋಟೆಗಳನ್ನು. ಆ .315 ರ ಗುಂಡಿನ ತೂಕ 244 ಗ್ರೇನ್. ಸಾಹುಕಾರರ ಕೋವಿಯದ್ದು ಅದರ ಎರಡರಷ್ಟು.

ಈ 'ಗ್ರೇನ್' ಲೆಕ್ಕ ನಮಗೆ ಅಪರಿಚಿತವೇನಲ್ಲ. ಚಿನ್ನದ ಒಂದು ತೊಲ ಅಂದರೆ 180 ಗ್ರೇನ್. 500 ಗ್ರೇನಿನ ಗುಂಡು ಅಂದರೆ ಎರಡೂಮುಕ್ಕಾಲು ತೊಲ, ಒಂದು ಒಳ್ಳೆಯ ಅವಲಕ್ಕಿ ಸರದ ತೂಕ!

ಕೊನೆಗೆ ಒಂದು ಶನಿವಾರ ವಡಾಳಾದಿಂದ ಹಾರ್ಬರ್ ಲೈನ್ ಗಾಡಿ ಹಿಡಿದು ವಿ.ಟಿ. ಯಲ್ಲಿ ಇಳಿದೆ. ಕೋಟೆ ಪ್ರದೇಶದಲ್ಲಿ ಆಗ ಹಳೇ ಬಂದೂಕಿನ ಅಂಗಡಿಗಳಿದ್ದವು. ಬ್ರಿಟಿಷರ ಕಾಲದಲ್ಲಿ ಶಿಕಾರಿ ಸಾಮಾನೆಲ್ಲ ಇಳಿಯುತ್ತಿದ್ದ ಬಂದರು ಇದು ತಾನೇ. 'ಕಾಳಾ ಘೋಡಾ' ದಲ್ಲಿ 'ಆರ್ಮಿ ಅಂಡ್ ನೇವಿ' ಕಟ್ಟಡ ನೋಡಿರುತ್ತೀರಿ. ಲಂಡನ್ನಿನ ಆ ಸೊಸೈಟಿ ತನ್ನ ಹೆಸರು ಕೆತ್ತಿಸಿದ ಬಂದೂಕುಗಳನ್ನೇ ಮಾರುತ್ತಿತ್ತು. ನಾನು ಹೋದದ್ದು ಅಂಥಾ ದೊಡ್ಡ ಜಾಗಕ್ಕಲ್ಲ, ಮೆಟ್ಟಿಲಿನ ಕೆಳಗಿನ ಒಂದು ಕತ್ತಲೆ ಅಂಗಡಿಗೆ. ಗಲ್ಲಾದ ಮೇಲೆ ಒಬ್ಬ ಪಾರ್ಸಿ ಮುದುಕರು. ಬೇರೆ ಕಡೆಯವರಾಗಿದ್ದರೆ ಗುಮಾನಿಯಿಂದ ನೋಡುತ್ತಿದ್ದರೇನೋ. ಇವರು ಕಾಗದ ನೋಡಿದ್ದೇ ಚಹಾ ತರಿಸಿದರು! ಅಂಥಾ ಕಾಗದ ಹಿಡಿದು ಬರುವ ಗಿರಾಕಿಗಳು ಆ ಹೊತ್ತಿಗೆ ವರ್ಷಕ್ಕೆ ಒಬ್ಬರೋ ಇಬ್ಬರೋ ಇರಬೇಕು.

ಅವರು ಹೇಳಿದ ಮೊದಲ ವಿಷಯವೇ ನನಗೆ ಹೊಸದು. ಈ .475, .470, .465 ಅನ್ನುವ ವಿಚಿತ್ರ ಅಂಕಿಗಳು ಹುಟ್ಟಿದ್ದೇ ನಮ್ಮ ದೇಶದ ದೆಸೆಯಿಂದ ಅಂತೆ. 1898 ರಲ್ಲಿ ಲಂಡನ್ನಿನ ರಿಗ್ಬಿ ಕಂಪನಿ .450 'ನೈಟ್ರೋ ಎಕ್ಸ್‌ಪ್ರೆಸ್' ಅಂತ ತಂದಿತು. ಕರಿಮದ್ದಿನ ಬದಲು ಹೊಗೆ ಇಲ್ಲದ ಕಾರ್ಡೈಟ್ ತುಂಬಿದ ತೋಟೆ. ಆನೆ, ಕಾಟಿ ಶಿಕಾರಿ ಮಾಡುವವರಿಗೆಲ್ಲ ಅದೇ ಬೇಕಾಯಿತು. ಆದರೆ ಸೈನ್ಯದ ಹಳೇ ಮಾರ್ಟಿನಿ-ಹೆನ್ರಿ ಬಂದೂಕೂ .450 ಅಳತೆಯದ್ದೇ. ಅವು ಗಡಿನಾಡಿನಲ್ಲಿ, ದಂಗೆಕೋರರ ಕೈಯಲ್ಲಿ ಬೇಕಾದಷ್ಟು ಇದ್ದವು. ಸಾಹೇಬರ ಶಿಕಾರಿ ತೋಟೆಯ ಗುಂಡು ಕಿತ್ತು ನಮ್ಮ ಮೇಲೇ ಹೊಡೆದಾರು ಅನ್ನುವ ಭಯದಿಂದ, 1907 ರ ಸುಮಾರಿಗೆ ಇಂಡಿಯಾ ಮತ್ತು ಸುಡಾನಿಗೆ ಆ ಅಳತೆಯನ್ನು ತರುವುದನ್ನೇ ಸರ್ಕಾರ ನಿಷೇಧಿಸಿತು. ಬಂದೂಕು ಮಾಡುವವರು ಬಿಡುತ್ತಾರೆಯೇ? ಅವರಿಗೆ ದೊಡ್ಡ ಗಿರಾಕಿಗಳೆಲ್ಲ ನಮ್ಮ ಮಹಾರಾಜರು, ಪ್ಲಾಂಟರುಗಳು, ಕಲೆಕ್ಟರುಗಳು. ಒಂದು ಕೂದಲು ದಪ್ಪ ಮಾಡಿ ಒಬ್ಬ .470 ಅಂದ, ಇನ್ನೊಬ್ಬ .465 ಅಂದ, ಮತ್ತೊಬ್ಬ .476 ಅಂದ. ಒಂದು ಸರ್ಕಾರಿ ಸುತ್ತೋಲೆಗೆ ಅರ್ಧ ಡಜನ್ ಹೊಸ ಅಳತೆಗಳು! ಎಂಬತ್ತು ವರ್ಷದ ನಂತರ ಆಂಟಾಪ್ ಹಿಲ್ಲಿನ ಗುಮಾಸ್ತನೊಬ್ಬ ಅದರ ಫಲ ಅನುಭವಿಸುತ್ತಾ ಕೂತಿದ್ದ.

ಎರಡನೆಯ ವಿಷಯ ಇನ್ನೂ ತಮಾಷೆ. ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಲೇಬಾರದು ಅಂದರು. .470 ರ ಗುಂಡಿನ ನಿಜವಾದ ದಪ್ಪ .475 ಇಂಚು. .500 ರದ್ದು .510. .577 ರದ್ದು .585. ನಮ್ಮ .475 ನಂಬರ್ 2 ರದ್ದು .475 ಅಲ್ಲವೇ ಅಲ್ಲ, .483. ಇಷ್ಟಕ್ಕೇ ಮುಗಿಯಲಿಲ್ಲ. ಡಬ್ಲ್ಯೂ. ಜೆ. ಜೆಫ್ರಿ ಅನ್ನುವ ಲಂಡನ್ ಕಂಪನಿ ಅದೇ ಹೆಸರಿನ ತನ್ನ ಕೋವಿಗಳಿಗೆ ಇನ್ನೂ ಸ್ವಲ್ಪ ದಪ್ಪನೆಯ ಗುಂಡು ಇಟ್ಟುಕೊಂಡಿತ್ತು, .488 ಚಿಲ್ಲರೆ. ಮಾಮೂಲಿ ಗುಂಡು 480 ಗ್ರೇನ್, ಜೆಫ್ರಿಯದ್ದು 500. 'ಬುಡದ ಅಚ್ಚು ನೋಡಿ ನಾನು ಏನೂ ಹೇಳಲಾರೆ. ನಳಿಗೆ ಬಗ್ಗಿಸಿ ಅದರ ಕೆಳಮೈಯಲ್ಲಿ ಏನು ಕೆತ್ತಿದೆ ಅಂತ ಬರೆದು ಕಳಿಸಲು ಹೇಳಿ' ಅಂದರು.

ಪತ್ರ ಹೋಗಿ ಉತ್ತರ ಬರುವುದಕ್ಕೆ ಮೂರು ವಾರ. ಈ ಸಲ ಪೆನ್ಸಿಲ್ ಅಚ್ಚಿನಲ್ಲಿ ಕಾರ್ಡೈಟಿನ ತೂಕ, ಅದರ ಮುಂದೆ 500 ಅಂತ ಇತ್ತು. ಬ್ರಿಟಿಷ್ ಪರೀಕ್ಷಾಲಯದವರು ಯಾವ ಮದ್ದು, ಎಷ್ಟು ತೂಕದ ಗುಂಡಿಗೆ ಆ ನಳಿಗೆ ಪರೀಕ್ಷೆ ಆಗಿದೆ ಅಂತ ಕೋವಿಯ ಮೈಮೇಲೇ ಕೆತ್ತುತ್ತಿದ್ದರು. ಕೋವಿಯ ಜಾತಕ ಅಂತಲೇ ಅನ್ನಿ. ಪಾರ್ಸಿ ಮುದುಕರು ನೋಡಿ 'ಜೆಫ್ರಿ' ಅಂತ ತೀರ್ಪು ಕೊಟ್ಟರು. ಆಮೇಲೆ ಕಪಾಟಿನಿಂದ ಒಂದು ಹಳೇ ರಟ್ಟಿನ ಪೆಟ್ಟಿಗೆ ತೆಗೆದರು. ಅದರಲ್ಲಿ ಮೂರು ತೋಟೆ. .475 ನಂಬರ್ 2. ಆದರೆ 480 ಗ್ರೇನಿನವು.

ಎರಡಕ್ಕೂ ವ್ಯತ್ಯಾಸ ಸಾವಿರದ ಐದು ಇಂಚು, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. 'ಇದು ಅದರಲ್ಲಿ ಕೂರುವುದಿಲ್ಲವೇ?' ಅಂತ ಕೇಳಿದೆ. 'ಕೂರುತ್ತದೆ. ಹಾರಲೂಬಹುದು. ಆದರೆ ಕೊಡುವುದಿಲ್ಲ' ಅಂದರು.

ಯಾಕೆ ಅಂತ ಅವರು ವಿವರಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಜೋಡುನಳಿಗೆಯ ರೈಫಲ್ ಮಾಡುವುದರಲ್ಲಿ ಅತಿ ಕಷ್ಟದ ಕೆಲಸ ಆ ಎರಡು ನಳಿಗೆಗಳನ್ನು ಬೆಸೆಯುವುದಂತೆ. ಅವು ಸಮಾನಾಂತರ ಇರುವುದಿಲ್ಲ, ಮುಂದಕ್ಕೆ ಹೋದಂತೆ ಒಂದರ ಕಡೆ ಇನ್ನೊಂದು ಅಷ್ಟೇ ಅಷ್ಟು ವಾಲಿರುತ್ತವೆ. ಬಲಗಡೆಯದ್ದು ಹಾರುವಾಗ ಒದೆತಕ್ಕೆ ಕೋವಿ ಬಲಕ್ಕೆ ಜಗ್ಗುತ್ತದೆ, ಎಡದ್ದು ಎಡಕ್ಕೆ. ಆ ಜಗ್ಗುವಿಕೆಯನ್ನೂ ಲೆಕ್ಕ ಹಿಡಿದು, ಎರಡು ಗುಂಡೂ ಒಂದೇ ಜಾಗಕ್ಕೆ ಬೀಳುವ ಹಾಗೆ ಮಾಡಬೇಕು. ಅದಕ್ಕೆ ಲೆಕ್ಕದ ಪುಸ್ತಕ ಸಾಲದು. ಹೊಡೆದು ನೋಡುವುದು, ತವರದ ಬೆಸುಗೆ ಕರಗಿಸಿ ಕೂದಲೆಳೆಯಷ್ಟು ಸರಿಸುವುದು, ಮತ್ತೆ ಹೊಡೆಯುವುದು. ಅದೂ ಒಂದೇ ತೂಕದ ಗುಂಡು, ಒಂದೇ ಅಳತೆಯ ಮದ್ದಿನಿಂದ. ಬೇರೆ ಗುಂಡು ಹಾಕಿದಿರೋ, ಒಂದು ಎತ್ತು ಏರಿಗೆ, ಇನ್ನೊಂದು ನೀರಿಗೆ! ಸಪೂರ ಗುಂಡು ನಳಿಗೆಯ ತಿರುಪನ್ನು ಸರಿಯಾಗಿ ಕಚ್ಚುವುದಿಲ್ಲ, ದಾರಿ ತಪ್ಪುತ್ತದೆ. ಅದಕ್ಕೆ ತಿರುವುಮುರುವಾಗಿ, ಜೆಫ್ರಿಯ ದಪ್ಪ ಗುಂಡನ್ನು ಮಾಮೂಲಿ ಕೋವಿಗೆ ತುರುಕಿದರೆ ಒತ್ತಡ ಏರಿ ಹೊಡೆಯುವವನ ಮುಖಕ್ಕೇ ಅಪಾಯ.

ಈ ಮಾತು ಸಾಹುಕಾರರಿಗೆ ಬರೆದೆ. ಗಾಳಿಗೆ ಹಾರಿಸುವುದಕ್ಕೆ ಗುರಿ ಯಾಕೆ ಬೇಕು, ಕಾಗದಪತ್ರ ಕಳಿಸಿದರೆ ಇನ್ನೊಮ್ಮೆ ಕೇಳಿ ನೋಡುತ್ತೇನೆ ಅಂತಲೂ ಸೇರಿಸಿದ್ದೆ. ಒಂದು ಇನ್ಲ್ಯಾಂಡ್ ಲೆಟರ್ ನಲ್ಲಿ ಎರಡೇ ಸಾಲು ಬಂತು. ಬೇಡ, ಅಪ್ಪನ ಕೋವಿಗೆ ಅದರದ್ದಲ್ಲದ ಗುಂಡು ಹಾಕುವುದಿಲ್ಲ ಅಂತ.

ಈ ತಾಪತ್ರಯ ಯಾವಾಗ ಶುರುವಾಯಿತು ಅಂತ ನಾನು ಆಮೇಲೆ ಸ್ವಲ್ಪ ಓದಿ ನೋಡಿದೆ. ಅದಕ್ಕೂ ಹಿಂದಿನ ಕಾಲದಲ್ಲಿ ಇದು ಇರಲೇ ಇಲ್ಲ! ನಮ್ಮ ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಇಲಾಖೆಯ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್, ಚಾಮರಾಜನಗರದ ಕಡೆ 1874 ರಲ್ಲಿ ಖೆಡ್ಡಾ ಮಾಡಿದವರು, 1878 ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ 4 ಬೋರ್, 8 ಬೋರ್ ಕೋವಿಗಳ ವಿಷಯ ಬರೆದಿದ್ದಾರೆ. ಬೋರ್ ಲೆಕ್ಕ ಉಲ್ಟಾ. ಒಂದು ಪೌಂಡ್ ಸೀಸದಲ್ಲಿ ಆ ನಳಿಗೆಗೆ ಕೂರುವ ಎಷ್ಟು ಉಂಡೆ ಆಗುತ್ತವೋ ಅದೇ ಬೋರ್. 12 ಬೋರ್ ಅಂದರೆ ಹನ್ನೆರಡು ಉಂಡೆ. 4 ಬೋರ್ ಅಂದರೆ ನಾಲ್ಕೇ! ಒಂದೊಂದು ಉಂಡೆ 113 ಗ್ರಾಂ, ಹತ್ತಿರ ಹತ್ತಿರ ಹತ್ತು ತೊಲ, ದಪ್ಪ ಒಂದು ಇಂಚಿಗೂ ಮೇಲೆ. ಚಿಕ್ಕ ನಿಂಬೆಹಣ್ಣು ಅನ್ನಿ. ಆದರೆ ಅದಕ್ಕೆ ಗುಂಡು ಹುಡುಕಿಕೊಂಡು ಯಾರೂ ಬೊಂಬಾಯಿಗೆ ಬರಬೇಕಾಗಿರಲಿಲ್ಲ. ಕೋವಿಯ ಪೆಟ್ಟಿಗೆಯಲ್ಲೇ ಅದಕ್ಕೆಂದೇ ಮಾಡಿದ ಅಚ್ಚು ಬರುತ್ತಿತ್ತು, ಬಿಡಾರದ ಒಲೆಯ ಮುಂದೆ ಕೂತು ಎರಕ ಹೊಯ್ದುಕೊಳ್ಳುತ್ತಿದ್ದರು. ಬರೀ ಸೀಸ ಆನೆಯ ತಲೆಬುರುಡೆಗೆ ಬಡಿದು ಚಪಾತಿಯ ಹಾಗೆ ಹರಡುತ್ತದೆ ಅಂತ ತವರವನ್ನೋ ಪಾದರಸವನ್ನೋ ಬೆರೆಸಿ ಗಟ್ಟಿ ಮಾಡುತ್ತಿದ್ದರು. ಕಾರ್ಡೈಟ್ ಬಂದಮೇಲೆ ಗುಂಡಿಗೆ ಲೋಹದ ಅಂಗಿ ತೊಡಿಸಬೇಕಾಯಿತು. ಅದು ಒಲೆಯ ಮುಂದೆ ಆಗುವ ಕೆಲಸ ಅಲ್ಲ. ಅಲ್ಲಿಂದ ಮುಂದೆ ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಾರ್ಖಾನೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಮತ್ತು 1960 ರ ದಶಕದಲ್ಲಿ ಅವರು ಇಲ್ಲ ಅಂದುಬಿಟ್ಟರು. ಆಫ್ರಿಕದಲ್ಲೂ ನಮ್ಮಲ್ಲೂ ಸಾಹೇಬರುಗಳೆಲ್ಲ ಊರಿಗೆ ಹೋಗಿಯಾಗಿತ್ತು, ಕೊಳ್ಳುವವರು ಯಾರು? ನಮ್ಮಲ್ಲಿ 1972 ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದು ಬಂದದ್ದು ಒಳ್ಳೆಯದೇ ಆಯಿತು, ಆ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಎಂಬತ್ತರ ದಶಕದ ಮಧ್ಯದಲ್ಲಿ ವ್ಯಾಪಾರಿಗಳು ವಿದೇಶಿ ಕೋವಿ ತರಿಸುವುದೂ ನಿಂತಿತು. ಅಂದರೆ ಸಾಹುಕಾರರು ನನಗೆ ಪತ್ರ ಬರೆಯುವ ಹೊತ್ತಿಗೆ ಎಲ್ಲಾ ಬಾಗಿಲುಗಳೂ ಮುಚ್ಚಿದ್ದವು.

ಇದರಲ್ಲಿ ಒಂದು ವಿಪರ್ಯಾಸ ನೋಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ 1861 ರಿಂದ ನಡೆದು ಬಂದದ್ದು. 2019 ರಲ್ಲಿ ಕೇಂದ್ರ ಸರ್ಕಾರ ಅದನ್ನು 2029 ರ ವರೆಗೆ ಮುಂದುವರಿಸಿತು. 2021 ರಲ್ಲಿ ಕರ್ನಾಟಕ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಆದೇಶದ ಪ್ರಕಾರ ಒಂದು ರೈಫಲ್, ಅದಕ್ಕೆ 100 ತೋಟೆ ಇಟ್ಟುಕೊಳ್ಳಬಹುದು. ಕಾಯಿದೆ ನೂರು ಕೊಟ್ಟಿದೆ, ಲೋಕದಲ್ಲಿ ಇರುವುದು ಎರಡು!

ಸಾಹುಕಾರರು ಪತ್ರ ಬರೆದ ಅದೇ 1988 ರಲ್ಲಿ ಲಂಡನ್ನಿನಲ್ಲಿ ಏನು ನಡೆಯುತ್ತಿತ್ತು ಗೊತ್ತೇ? ಅಮೇರಿಕದ ಒಬ್ಬ ಸಂಗ್ರಾಹಕರು 'ಹಾಲೆಂಡ್ ಅಂಡ್ ಹಾಲೆಂಡ್' ಕಂಪನಿಗೆ ಹೋಗಿ .600 ಕೋವಿ ಮಾಡಿಕೊಡಿ ಅಂದರಂತೆ. ಅವರು 'ಕೊನೆಯ .600' ಅಂತ ಹೇಳಿಯೇ ಒಂದನ್ನು ಅದಕ್ಕೂ ಮೊದಲೇ ಮಾರಿಬಿಟ್ಟಿದ್ದರು, ಮಾತು ತಪ್ಪುವಂತಿಲ್ಲ. ಹಾಗಾದರೆ .700 ಮಾಡೋಣ ಅಂತ ಆಯಿತು! ಅಂಥಾ ತೋಟೆ ಭೂಮಿಯ ಮೇಲೆ ಇರಲಿಲ್ಲ, ಅದನ್ನೂ ಹೊಸದಾಗಿ ಕಂಡುಹಿಡಿದರು. ಗುಂಡು 1000 ಗ್ರೇನ್, ಐದೂವರೆ ತೊಲ. ದುಡ್ಡಿದ್ದವರಿಗೆ ಕೋವಿಗೆ ತಕ್ಕ ಗುಂಡು ಹುಡುಕುವ ಕಷ್ಟವಿಲ್ಲ, ಗುಂಡನ್ನೇ ಹುಟ್ಟಿಸುತ್ತಾರೆ.

ಅವರಂಥವರ ದೆಸೆಯಿಂದಲೇ ಇರಬೇಕು, ಹಳೆಯ ಕೋವಿಗಳಿಗೂ ಜೀವ ಬಂತು. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯದ 'ವುಡ್‌ಲೀ' ಅನ್ನುವವರು ಹಳೇ ಕೈನಾಕ್ ಗುಂಡುಗಳ ಆಕಾರವನ್ನೇ ಅನುಸರಿಸಿ ಗುಂಡು ಮಾಡತೊಡಗಿದರು, ಜೆಫ್ರಿಯ ದಪ್ಪ ಗುಂಡನ್ನೂ ಸೇರಿಸಿ. 1990 ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕೈನಾಕ್ ಹೆಸರಿನಲ್ಲೇ ಮತ್ತೆ ತೋಟೆ ಬಂದವು. ಆಕಾರ ಯಾಕೆ ಮುಖ್ಯ ಅಂದರೆ, ಈ ಹಳೇ ನಳಿಗೆಗಳ ಗೋಡೆ ತೆಳು. ಇಡೀ ತಾಮ್ರದಲ್ಲಿ ಕಡೆದ ಈಗಿನ ಕಲ್ಲಿನಂಥಾ ಗುಂಡು ಹಾಕಿದರೆ ಒಳಗಿನ ತಿರುಪಿನ ಗೆರೆಗಳು ನಳಿಗೆಯ ಹೊರಮೈಯಲ್ಲಿ ಮೂಡಿ ಕಾಣುವುದುಂಟಂತೆ, ತೆಳ್ಳಗಿನ ಮುದುಕರ ಕೈಯ ನರಗಳ ಹಾಗೆ.

ಇದೆಲ್ಲ ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. 1994 ರ ಮಳೆಗಾಲದಲ್ಲಿ ಸಾಹುಕಾರರು ತೀರಿಕೊಂಡರು. ನಾನು ಹೋಗಿ ತಲುಪಿದ್ದು ಮೂರನೇ ದಿನ. ಜೆಫ್ರಿಯನ್ನು ತೆಗೆಯಲೇ ಇಲ್ಲವಂತೆ. ಮಗ ಎಲ್ಲರ ಹಾಗೆ 12 ಬೋರಿನಿಂದ ಎರಡು ಹಾರಿಸಿದರು. ಆ ಹಳೇ ತೋಟೆ ಹಾರದಿದ್ದರೆ ಅನ್ನುವ ಹೆದರಿಕೆ ನನಗೆ ಅಲ್ಲ, ಅಪ್ಪನಿಗೇ ಇತ್ತು ಅಂದರು. ಸಾಯುವ ಹಿಂದಿನ ವಾರ ಅವರೇ ಹೇಳಿದ್ದರಂತೆ, ಅವೆರಡು ಹಾಗೇ ಇರಲಿ, ಕೋವಿ ಬರಿಗೈಯಲ್ಲಿ ಇರಬಾರದು ಅಂತ.

ಹಾಗೇ ಇದ್ದವು, ಪ್ರತಿ ಕೈಲ್ ಪೊಳ್ದ್ ಗೂ ಎಣ್ಣೆ ಬಟ್ಟೆಯಲ್ಲಿ ಒರೆಸಿಕೊಂಡು. ಈಗ ಮನೆ ನೋಡಿಕೊಳ್ಳುವುದು ಮೊಮ್ಮಗ. ಅವನು ನನ್ನನ್ನು 'ಬಾಂಬೆ ಅಂಕಲ್' ಅನ್ನುತ್ತಾನೆ, ವುಡ್‌ಲೀ ಗುಂಡಿನ ಫೋಟೋ ಕಳಿಸಿ ಇದು ತರಿಸೋಕೆ ಆಗಲ್ವಾ ಅಂತ ಕೇಳುತ್ತಾನೆ. ಬರೀ ಗುಂಡು ಬಂದು ಪ್ರಯೋಜನವೇನು, ಹಿತ್ತಾಳೆ, ಕೇಪು, ಮದ್ದು ಎಲ್ಲಿಂದ ತರುತ್ತೀ, ತುಂಬುವುದಕ್ಕೆ ಪರವಾನಗಿ ಯಾರು ಕೊಡುತ್ತಾರೆ ಅಂತ ನಾನು ಪಾರ್ಸಿ ಮುದುಕರ ಧಾಟಿಯಲ್ಲೇ ಉತ್ತರ ಹೇಳುತ್ತೇನೆ. ಆ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ.

ಕಳೆದ ತಿಂಗಳು ಅವನು ಮತ್ತೆ ಫೋನ್ ಮಾಡಿದ್ದ. ಒಂದು ತೋಟೆಯ ಕತ್ತಿನಲ್ಲಿ ಕೂದಲಿನಂಥಾ ಸೀಳು ಕಾಣಿಸಿದೆಯಂತೆ. ಹಳೇ ಹಿತ್ತಾಳೆ ಹೀಗೆ ತಾನೇ ತಾನಾಗಿ ಬಿರಿಯುವುದುಂಟು. ಅದನ್ನು ಮುಟ್ಟಿ ಆಟ ಆಡಬೇಡ, ಪೊಲೀಸ್ ಸ್ಟೇಷನ್ನಿಗೆ ತಿಳಿಸಿ ಲೈಸೆನ್ಸ್ ಇರುವ ಅಂಗಡಿಯವರಿಗೆ ಒಪ್ಪಿಸು ಅಂದೆ. ಆಗಲಿ ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಬ್ಬ ಮುಗಿದ ಮೇಲೆ ಕೊಟ್ಟರೆ ಆಗುತ್ತಾ ಅಂಕಲ್, ಅಂತ ಕೇಳಿದ.